ಅಮ್ಮನ ಸಿಟ್ಟೌಟು

ಸಹಕಾರನಗರದ ನಮ್ಮ ಮನೆಯ ಮುಂಭಾಗವನ್ನು ಚೆಂದ ಮಾಡಿಸಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಒಂದು ಸಿಟೌಟ್. ಕೆಂಪು ಟೈಲ್ಸ್ ನೆಲ, ಎರಡು ಬೆತ್ತದ ಕುರ್ಚಿ, ಗ್ರಿಲ್ಲಿಗೆ ಹಬ್ಬಿದ ಮಲ್ಲಿಗೆ ಬಳ್ಳಿ. ಅಡ್ಡವಾಗಿದ್ದದ್ದು ಬಟ್ಟೆ ಒಗೆಯುವ ಉದ್ದನೆಯ ಕಲ್ಲು. ವಾಷಿಂಗ್ ಮೆಷಿನ್ ಬಂದ ಮೇಲೆ ಅದರ ಮೇಲೆ ಯಾರೂ ಬಟ್ಟೆ ಒಗೆದಿರಲಿಲ್ಲ. ಆದರೆ ಅಮ್ಮ ದಿನಾ ಸಂಜೆ ಅಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಕಲ್ಲು ಎತ್ತಿಸ್ಬಿಡ್ಲಾ ಸಾರ್?" ಎಂದು ಮೇಸ್ತ್ರಿ ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ಅಮ್ಮ ಬಂದು ಅದರ ಮೇಲೆ ಕೂತುಬಿಟ್ಟಳು.

"ಏಳಮ್ಮ, ಇಲ್ಲಿ ಸಿಟೌಟ್ ಬರುತ್ತೆ."

"ಸಿಟ್ಟೌಟು ತಾನೆ? ನನ್ ಸಿಟ್ಟು ಔಟಾಗ್ಲಿ, ಆಮೇಲೆ ಏಳ್ತೀನಿ ಕಣೋ."

ಮೊದಲು ಮೇಸ್ತ್ರಿ ನಕ್ಕರು, ಆಮೇಲೆ ನಾನು. ಕಲ್ಲು ಉಳಿಯಿತು. ಕುರ್ಚಿಗಳು ಅದರ ಎರಡೂ ಬದಿಗೆ ಬಂದವು.

ಅಮ್ಮನಿಗೆ ಆ ಪದ ಹಾಗೇ ಕೇಳಿಸಿತೋ, ಬೇಕೆಂದೇ ತಿರುಚಿದಳೋ, ನನಗೆ ಗೊತ್ತಿಲ್ಲ. ತಾನು ಹಾಗೆ ಅಂದೇ ಇಲ್ಲ, ಎಲ್ಲ ನೀನೇ ಕಟ್ಟಿದ ಕತೆ ಎಂದು ಈಗ ವಾದಿಸುತ್ತಾಳೆ. ಹೆಂಡತಿಯ ಪ್ರಕಾರ ನಾನು ಅವತ್ತು ನಗಲೇ ಇಲ್ಲ, ಬಾಗಿಲು ಬಡಿದು ಒಳಗೆ ಹೋದೆ. ಇರಬಹುದು.

ಮೊನ್ನೆ ಹೆಂಡತಿಯ ಮೇಲೆ ರೇಗಿ ಹೊರಗೆ ಬಂದೆ. ಬೆತ್ತದ ಕುರ್ಚಿಗಳೆರಡೂ ಖಾಲಿಯಿದ್ದವು. ಅಮ್ಮ ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಕೂತ ಮೇಲೆ ಒಂದು ಕಟ್ಟು ಮೆಂತ್ಯ ಸೊಪ್ಪನ್ನು ನನ್ನ ಮಡಿಲಿಗೆ ಹಾಕಿ, "ಬೇರು ತೆಗಿ," ಎಂದಳು.