ಅಣ್ಣನಿಗೆ ಕೇಳಿಸದ ಓ

ಸುಳ್ಯದಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಸಿಗ್ನಲ್ ಪ್ರೊಸೆಸಿಂಗ್ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಫೋನು ಪ್ರತಿಧ್ವನಿಯನ್ನು ಹೇಗೆ ಅಳಿಸುತ್ತದೆ, ಗದ್ದಲವನ್ನು ಹೇಗೆ ಸೋಸುತ್ತದೆ ಎಂದು ವರ್ಷ ವರ್ಷವೂ ಬೋರ್ಡು ತುಂಬ ಬರೆಯುತ್ತೇನೆ. ಸ್ಪೀಕರಿನಿಂದ ಹೊರಬಂದ ಮಾತು ಅದೇ ಫೋನಿನ ಮೈಕಿಗೆ ನುಗ್ಗಿ, ಆಡಿದವನಿಗೇ ವಾಪಸು ಕೇಳಬಾರದು. ಅದಕ್ಕೇ ಆ ಕಡೆಯವರು ಮಾತಾಡುತ್ತಿರುವಾಗ ಈ ಕಡೆಯ ಸದ್ದನ್ನು ಫೋನು ಅದುಮಿಡುತ್ತದೆ. ಫ್ಯಾನಿನ ಹಾಗೆ ಒಂದೇ ಸಮನೆ ಬರುವ ಸದ್ದಂತೂ ಅದಕ್ಕೆ ಬರೀ ಕಸ. ಇಷ್ಟೇ ವಿಷಯ. ಎಷ್ಟು ಹೇಳಿದರೂ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ ಎಂದು ಮಕ್ಕಳನ್ನು ಬೈಯುತ್ತಿದ್ದೆ.

ನಮ್ಮ ಮನೆ ಪುತ್ತೂರಿನ ದರ್ಬೆಯಲ್ಲಿ, ಅಣ್ಣ ಸೌದಿಯ ದಮ್ಮಾಮಿನಲ್ಲಿ. ನಮ್ಮ ಬ್ಯಾರಿಗಳ ಮನೆಗೆ ಗಲ್ಫಿನಿಂದ ಫೋನು ಬಂತೆಂದರೆ ಅದು ಸ್ಪೀಕರಿನಲ್ಲೇ. ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಬೇಕು. ಕಿವಿಗೆ ಹಿಡಿದುಕೊಂಡು ಆಚೆ ಹೋದವನ ಮೇಲೆ ಅನುಮಾನವೇ ಏಳುತ್ತದೆ. ನಮ್ಮನ್ನು ಹೆತ್ತ ಉಮ್ಮನ ಉಸಿರು ಏರುಪೇರಾದ ಆ ಮಧ್ಯಾಹ್ನವೂ ಫೋನನ್ನು ಸ್ಪೀಕರಿಗೆ ಹಾಕಿ ಅವರ ದಿಂಬಿನ ಮೇಲೆ ಇಟ್ಟೆವು. ಅಣ್ಣನಿಗೆ ಟಿಕೆಟು ಸಿಕ್ಕಿದ್ದು ಮರುದಿನಕ್ಕೆ. ಉಮ್ಮ ತನ್ನ ಕರೆಗೆ ಒಮ್ಮೆ ಓಗೊಟ್ಟರೆ ಸಾಕು ಎಂದು ಅವನು ಕಾಯುತ್ತಿದ್ದ.

ಹೆಂಗಸರು ಮಂಚದ ಸುತ್ತ ಕೂತು ತಗ್ಗಿದ ದನಿಯಲ್ಲಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದುತ್ತಿದ್ದರು. ತಂಗಿ ಉಮ್ಮನ ಬಾಯಿಗೆ ಮಕ್ಕಾದ ಝಂಝಂ ನೀರು ಹನಿಸುತ್ತಿದ್ದಳು.

"ಎಂತ ಮಾರಾಯ, ಅಲ್ಲಿ ಯಾರೂ ಯಾಸೀನ್ ಓದುದಿಲ್ವಾ? ಎಂತದೂ ಕೇಳುದಿಲ್ಲ!" ಎಂದು ಅಣ್ಣ ಕೂಗಿದ.

ಫೋನು ಯಾಸೀನನ್ನೂ ಫ್ಯಾನಿನ ಲೆಕ್ಕಕ್ಕೆ ಸೇರಿಸಿತ್ತು. ನಾನು ಫೋನಿನತ್ತ ಬಗ್ಗಿದೆ.

"ಓದ್ತಾ ಇದ್ದಾರೆ. ನೀನು ಸ್ವಲ್ಪ ಸುಮ್ಮನಿರು. ನೀನು ಮಾತಾಡಿದ್ರೆ ಇಲ್ಲಿಯದ್ದು ಅಲ್ಲಿಗೆ ಬರುದಿಲ್ಲ" ಎಂದೆ.

ಅದೂ ಅವನಿಗೆ ತಲುಪಲಿಲ್ಲ. ಅಷ್ಟರಲ್ಲಾಗಲೇ "ಉಮ್ಮಾ, ಉಮ್ಮಾ" ಎಂದು ಬಿಡದೆ ಕರೆಯತೊಡಗಿದ್ದ. ಸಾಯುತ್ತಿರುವ ತಾಯಿಯನ್ನು ಕರೆಯಬೇಡ ಎಂದು ಮತ್ತೆ ಯಾವ ಬಾಯಲ್ಲಿ ಹೇಳುವುದು?

ಉಮ್ಮನ ತುಟಿ ಅಲುಗಿತು. "ಓ" ಎಂದರು. ನಾವು ಚಿಕ್ಕವರಿದ್ದಾಗ ಅಡುಗೆಮನೆಯಿಂದ ಅನ್ನುತ್ತಿದ್ದ ಅದೇ ಓ. ಓದುತ್ತಿದ್ದವರೆಲ್ಲ ತಲೆಯೆತ್ತಿದರು. ನನಗೆ ಅಳು ನುಗ್ಗಿ ಬಂತು. ಅಣ್ಣ ಇನ್ನೂ ಕರೆಯುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ತಂಗಿ ಉಮ್ಮನ ಕಣ್ಣು ಮುಚ್ಚಿದಳು.

ಮರುದಿನ ಬಂದವನು ನೇರವಾಗಿ ಕಬರಿನ ಬಳಿಗೆ ಹೋದ. ಮನೆಗೆ ಬಂದ ಮೇಲೆ, ಉಮ್ಮ ನಿನಗೆ ಓ ಅಂದಿದ್ದಾರೆ ಎಂದು ಹೇಳಿದೆ. ಫೋನು ಅದನ್ನು ಹೇಗೆ ತಡೆಯಿತೆಂದು ಯಾವ ಮಕ್ಕಳಿಗೂ ಹೇಳದಷ್ಟು ಬಿಡಿಸಿ ಬಿಡಿಸಿ ಹೇಳಿದೆ. ತಂಗಿಯೂ ಆಣೆ ಇಟ್ಟು ಹೇಳಿದಳು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ನೀವು ನನ್ನ ಸಮಾಧಾನಕ್ಕೆ ಹೇಳುದು ಅಂತ ಗೊತ್ತುಂಟು, ಬಿಡು. ಉಮ್ಮ ಓ ಅಂದಿದ್ರೆ ನಾನು ಕರೆಯುದು ನಿಲ್ಲಿಸ್ತಿರ್ಲಿಲ್ವಾ?"