ಒಂದು ಲೀಟರಿನ ಡಬ್ಬಿ

ಹಾಲಾಡಿ ಹತ್ತಿರ ಕಲ್ಲುಪುಡಿ ತೊಳೆದು ಮರಳು ಮಾಡುವ ಘಟಕಕ್ಕೆ ತಪಾಸಣೆಗೆ ಹೋಗಿದ್ದೆ. ಪೈಪಿನಲ್ಲಿ ಹರಿಯುವ ಕೆಸರುನೀರಿನಲ್ಲಿ ಮರಳು ಶೇಕಡಾ ಎಷ್ಟಿದೆ ಎಂದು ಲೆಕ್ಕ ಹಾಕಬೇಕಿತ್ತು. ಅಲ್ಲೇ ಇದ್ದ ಒಂದು ಲೀಟರಿನ ತಗಡಿನ ಡಬ್ಬಿಗೆ ಕೆಸರು ತುಂಬಿ ತೂಗಿದೆ. ಡಬ್ಬಿಯ ತೂಕ ಕಳೆದರೆ ಸಾವಿರದ ಇನ್ನೂರು ಗ್ರಾಂ. ಸೂತ್ರಕ್ಕೆ ಹಾಕಿದಾಗ ಇಪ್ಪತ್ತೇಳು ಬಂತು. ಇರಬೇಕಾದದ್ದು ನಲವತ್ತು.

"ನೀರು ಕಡಿಮೆ ಮಾಡಿ" ಎಂದೆ.

ಪಂಪು ನೋಡಿಕೊಳ್ಳುವ ಗಿರಿಜಕ್ಕ ವಾಲ್ವ್ ಮುಟ್ಟಲಿಲ್ಲ. ಹರಿಯುವ ಕೆಸರಿಗೆ ಕೈ ಅದ್ದಿ, ಬೆರಳು ಉಜ್ಜಿ ನೋಡಿದರು.

"ಹ್ವಾಯ್, ಇದ್ ತೆಳು ಇಲ್ಲೆ. ನೀರ್ ಕಮ್ಮಿ ಮಾಡ್ರೆ ಪೈಪ್ ಬ್ಲಾಕ್ ಆತ್ತ್. ಅದೇ ಡಬ್ಬಿಗ್ ಬರೀ ನೀರ್ ಹಾಕಿ ತೂಗಿ ಕಾಣಿ."

ಅವರ ಸಮಾಧಾನಕ್ಕೆಂದು ತೂಗಿದೆ. ಡಬ್ಬಿಯ ತೂಕ ಕಳೆದರೆ, ಸಾವಿರ ಗ್ರಾಂ ಇರಬೇಕಾದ ನೀರು ಒಂಬೈನೂರೇ ಗ್ರಾಂ. ತಳ ನೆಗ್ಗಿದ್ದ ಆ ಡಬ್ಬಿ ಲೀಟರು ಹಿಡಿಯುತ್ತಲೇ ಇರಲಿಲ್ಲ. ಒಂಬೈನೂರು ಮಿಲಿಲೀಟರೆಂದು ಮತ್ತೆ ಲೆಕ್ಕ ಹಾಕಿದರೆ ಸರಿಯಾಗಿ ನಲವತ್ತು.

"ಡಬ್ಬಿ ನೆಗ್ಗಿದ್ದು ನಿಮಗೆ ಗೊತ್ತಿತ್ತಾ?"

"ಇಲ್ಲೆ. ದಿನಾ ಕೈ ಹಾಕುದಲ್ದಾ, ಕೆಸ್ರ್ ಗೊತ್ತಿತ್ತ್."



ವರದಿಯಲ್ಲಿ 'ಪರಿಶೀಲಿಸಿದವರು' ಎಂಬಲ್ಲಿ ಅವರ ಹೆಸರನ್ನೇ ಬರೆದೆ. ಮರುದಿನ ಆಫೀಸಿನವರು ಫೋನ್ ಮಾಡಿ, ಅವರು ಯಾವ ಕಾಲೇಜಿನವರು ಎಂದು ವಿಚಾರಿಸಿದರು.