ರೈಟರ ಬೆಳಗಿನ ಹಾಜರಿ

ರೈಟರ ಬಲಗಿವಿಯ ಹಿಂದೆ, ಕಿವಿ ತಲೆಗೆ ಸೇರುವ ಕಡೆ, ಒಂದು ತಗ್ಗಿತ್ತು. ಎಸ್ಟೇಟಿನಲ್ಲಿದ್ದಷ್ಟು ಕಾಲವೂ ಅಲ್ಲಿ ಪೆನ್ನು ಸಿಕ್ಕಿಸಿಕೊಂಡೇ ಆಗಿದ್ದ ತಗ್ಗು. ಕೆಲಸ ಬಿಟ್ಟ ಮೇಲೆ ಪೆನ್ನು ಹೋಯಿತು, ತಗ್ಗು ಉಳಿಯಿತು. ಏನಾದರೂ ಯೋಚನೆ ಬಂದರೆ ಅವರ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಪೆನ್ನು ಸಿಗದೆ ಕೆಳಗಿಳಿದು ಷರಟಿನ ಜೇಬಿನಲ್ಲಿದ್ದ ಫೋನನ್ನು ಹಿಡಿಯುತ್ತಿತ್ತು.

ನಮ್ಮದು ಕೆ. ಹೊಸಕೋಟೆ ಹೋಬಳಿಯ ಸಣ್ಣ ಊರು. ಅಲ್ಲಿನ ಹಾಲಿನ ಡೇರಿ ನೋಡಿಕೊಳ್ಳುವವಳು ನಾನು. ರೈಟರ ಮನೆ ಡೇರಿಯಿಂದ ಕೂಗಳತೆಯಲ್ಲಿತ್ತು. ಕಾಫಿ ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಯಾರು ಯಾವ ಕಡೆ ಕೆಲಸಕ್ಕೆ ಎಂದು ಹಂಚಿ ಕಳಿಸುವುದು ರೈಟರ ಕೆಲಸ. ಇವರು ಹೆಸರು ಕೂಗಿದಾಗ ಯಾರಾದರೂ ಓ ಅನ್ನದಿದ್ದರೆ ಕೂಡಲೇ ಗೈರು ಹಾಕುತ್ತಿರಲಿಲ್ಲವಂತೆ. ಆಳುಗಳು ಇರುವ ಸಾಲುಮನೆಗೆ, ನಮ್ಮ ಕಡೆ ಲೈನ್ ಅನ್ನುತ್ತೇವೆ, ಸ್ವತಃ ಹೋಗಿ ಬಾಗಿಲು ತಟ್ಟಿ ನೋಡಿ ಬರುತ್ತಿದ್ದರಂತೆ. ಜ್ವರವೋ, ಜಗಳವೋ, ಹಾವು ಕಚ್ಚಿದೆಯೋ ಯಾರಿಗೆ ಗೊತ್ತು ಎನ್ನುತ್ತಿದ್ದರು. ಇದಕ್ಕಾಗಿ ಮಾಲೀಕರಿಂದ ಬೈಸಿಕೊಂಡದ್ದೂ ಉಂಟು.

ಕೆಲಸ ಬಿಟ್ಟರೂ ಹಾಜರಿ ಕೂಗುವ ಚಾಳಿ ಬಿಡಲಿಲ್ಲ. ಅದನ್ನು ಆನೆಗೆ ತಿರುಗಿಸಿದರು.

ನಮ್ಮ ಕಡೆ ಎದ್ದ ಕೂಡಲೇ ಕೇಳುವ ಮೊದಲ ಮಾತು ಆನೆ ಎಲ್ಲಿವೆ ಎಂಬುದು. ಹಾಲು ತರುವವರು, ಕಾಫಿ ಕುಯ್ಯಲು ಹೋಗುವವರು, ಶಾಲೆ ಮಕ್ಕಳು, ಎಲ್ಲರೂ ನಡೆಯುವುದು ತೋಟದ ನಡುವಿನ ದಾರಿಯಲ್ಲೇ. ಗಿಡದ ಸಂದಿಯಲ್ಲಿ ಆನೆ ನಿಂತರೆ ಹತ್ತಿರ ಹೋಗುವ ತನಕ ಕಾಣುವುದಿಲ್ಲ. ರೈಟರು ಬೆಳಕು ಹರಿಯುವ ಮೊದಲೇ ಎದ್ದು ಕಾಡು ಕಾಯುವವರಿಗೆ, ತೋಟದ ವಾಚರುಗಳಿಗೆ, ಪೇಪರ್ ತರುವ ವ್ಯಾನಿನವರಿಗೆ ಫೋನ್ ಹಚ್ಚಿ ಸುದ್ದಿ ಕೂಡಿಸುತ್ತಿದ್ದರು. ಆಮೇಲೆ ಎಲ್ಲರ ಫೋನಿನಲ್ಲೂ ಇರುವ ಆ ಮೆಸೇಜಿನ ಆ್ಯಪಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುತ್ತಿದ್ದರು. "ರೈಟ್ರು ಮಾತಾಡ್ತಿರಾದು. ಆನೆ ಕೆರೆ ಏರಿ ಮೇಲ್ಗಡೆ ಅವೆ, ಜೊತೇಲಿ ಮರಿ ಐತೆ. ಆ ದಾರಿ ಬ್ಯಾಡ. ಬಂತು ಅಂತ ಹೇಳಿ."

ಈ ಕೊನೆಯ ಮಾತು ಮುಖ್ಯ. ಕೇಳಿಸಿಕೊಂಡವರು 'ಬಂತು' ಎಂದು ಉತ್ತರ ಕಳಿಸಲೇಬೇಕು. ಕಳಿಸದಿದ್ದರೆ ಮನೆ ಬಾಗಿಲಿಗೆ ಮೊಪೆಡ್ ಬಂದು ನಿಲ್ಲುತ್ತಿತ್ತು, ಇಡೀ ಕೇರಿಗೆ ಕೇಳುವ ಹಾಗೆ ಬೈಗುಳ ಸಿಗುತ್ತಿತ್ತು. ಎಲ್ಲರನ್ನೂ ಸೇರಿಸಿ ಒಂದು ಗುಂಪು ಮಾಡಿಬಿಡಿ, ಒಂದು ಸಲ ಹಾಕಿದರೆ ಮುಗೀತಲ್ಲ ಎಂದು ನಾನೇ ಹೇಳಿದ್ದೆ. ಅವರು ಒಪ್ಪಲಿಲ್ಲ. ಗುಂಪು ಅಂದರೆ ಸಂತೆ, ದೇವರ ಫೋಟೊ, ಹುಟ್ಟುಹಬ್ಬದ ಕೇಕು, ಶುಭೋದಯದ ಗುಲಾಬಿ ಇವುಗಳ ನಡುವೆ ಆನೆಯಂಥ ಆನೆಯೇ ಕಳೆದುಹೋಗುತ್ತದೆ ಎಂದರು. ಹಾಗಾಗಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಹಾಜರಿ ಕೂಗಿದ ಹಾಗೆ, ಬೆಳಗಿನ ಚಹಾ ಆರುವ ತನಕ ಒತ್ತುತ್ತಲೇ ಇರುತ್ತಿದ್ದರು.

ಒಂದು ಬೆಳಿಗ್ಗೆ ನಾನು ಸ್ಕೂಟರು ಹೊರಗೆ ತೆಗೆದಿದ್ದೆ. ಫೋನು ಗುಂಯ್ ಎಂದಿತು. ಕೊಂಬಿನ ಒಂಟಿ ಆನೆ ಡೇರಿಯ ನೀರಿನ ಟ್ಯಾಂಕಿನ ಹಿಂದೆ ನಿಂತಿದೆ, ಶಟರ್ ಎತ್ತಬ್ಯಾಡ ಎಂದಿತ್ತು ಅವರ ದನಿ. ನಾನು ದಿನಾ ಮೊದಲು ಹೋಗುವುದೇ ಆ ಟ್ಯಾಂಕಿನ ಹತ್ತಿರ, ಕ್ಯಾನು ತೊಳೆಯುವುದಕ್ಕೆ. ನನ್ನ ಮಕ್ಕಳಿಗೆ ಇವತ್ತು ತಾಯಿ ಇದ್ದಾಳೆ ಎಂದರೆ ಅದಕ್ಕೆ ಆ ಮನುಷ್ಯ ಕಾರಣ.

ಫೋನಿನ ಉಪಕಾರ ಗೊತ್ತಿದ್ದರೂ ಅದರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಟಾರ್ಚಿನ ಒಂದು ಆ್ಯಪು ಹಾಕಿಕೊಂಡಾಗ ಅದು ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಬೆಳಕು ಬಿಡುವುದಕ್ಕೆ ನನ್ನ ನೆಂಟರೆಲ್ಲ ಯಾಕೆ ಬೇಕಂತೆ ಇದಕ್ಕೆ ಎಂದು ಡೇರಿಯ ಮುಂದೆ ನಿಂತವರನ್ನೆಲ್ಲ ಕೇಳಿದರು. ಎಲ್ಲರ ಫೋನಿನಲ್ಲೂ ಆ ಆ್ಯಪು ಇತ್ತು. 'ಒಪ್ಪಿದ್ದೇನೆ' ಎಂಬ ಗುಂಡಿ ಕಂಡರಂತೂ ಉರಿದುಬೀಳುತ್ತಿದ್ದರು. "ನಾನೂ ಆಳುಗಳ ಹತ್ರ ಹೆಬ್ಬೆಟ್ಟು ಒತ್ತಿಸ್ಕಂಡೋನೇ ಕಣವ್ವ. ಆದ್ರೆ ಏನ್ ಬರ್ದೈತೆ ಅಂತ ಓದಿ ಹೇಳಿ ಒತ್ತಿಸ್ಕತಿದ್ದೆ. ಇವ್ರು ಓದಕ್ಕಾಗದಷ್ಟು ಬರ್ದು ಒತ್ತಿಸ್ಕತಾರೆ" ಎಂದಿದ್ದರು.

ನಮ್ಮ ಡೇರಿಗೆ ಹಾಲು ಹಾಕುವ ಒಬ್ಬ ಅಜ್ಜನಿಗೆ ಕರೆಂಟು ಕತ್ತರಿಸುತ್ತೇವೆ ಎಂದು ಒಂದು ಮೆಸೇಜು ಬಂತು. ಅವನು ಗಾಬರಿಯಿಂದ ಅದನ್ನು ಒತ್ತಿದ, ಬ್ಯಾಂಕಿನಲ್ಲಿದ್ದದ್ದೆಲ್ಲ ಹೋಯಿತು. ಅಜ್ಜ ಡೇರಿಯ ಕಟ್ಟೆಯ ಮೇಲೆ ಕೂತು ಅಳುವುದನ್ನು ರೈಟರು ನೋಡಿದರು. ಮರುದಿನ ಆನೆ ಸುದ್ದಿಯ ಜೊತೆ ಇನ್ನೊಂದು ಮಾತು ಸೇರಿತು. "ಗೊತ್ತಿಲ್ದಿರಾ ನಂಬರಿಂದ ಏನೇ ಬಂದ್ರೂ ಮುಟ್ಬ್ಯಾಡಿ. ದೇವ್ರೇ ಕಳ್ಸವ್ನೆ ಅಂದ್ರೂ ಮುಟ್ಬ್ಯಾಡಿ." ಅದನ್ನು ಎಷ್ಟು ದಿನ ಹೇಳಿದರೆಂದರೆ ಅಂಗನವಾಡಿಯ ಮಕ್ಕಳೂ ಅವರ ದನಿಯಲ್ಲಿ ಅಣಕಿಸಿ ಹೇಳುವ ಹಾಗಾಯಿತು. ಅದಕ್ಕೂ ಎಲ್ಲರೂ 'ಬಂತು' ಎಂದರು.

ಕಾಫಿ ಕುಯ್ಲಿನ ಕಾಲ. ಒಂದು ಬೆಳಿಗ್ಗೆ ಅವರ ಮೆಸೇಜೇ ಬರಲಿಲ್ಲ. ನಾನು ಮನೆಗೆ ಓಡಿದೆ. ರೈಟರು ಕಣ್ಣಿಗೆ ಕನ್ನಡಕ ಏರಿಸಿ ಫೋನನ್ನು ದೂರ ಹಿಡಿದು ನೋಡುತ್ತ ಕೂತಿದ್ದರು. ನಿಯಮ ಮೀರಿದ್ದರಿಂದ ಈ ಖಾತೆಯನ್ನು ನಿಲ್ಲಿಸಲಾಗಿದೆ ಎಂದಿತ್ತು. ಯಾವ ನಿಯಮ, ಯಾವಾಗ ಮೀರಿದ್ದು, ಒಂದೂ ಇಲ್ಲ. ಕೆಳಗೆ ಮರುಪರಿಶೀಲನೆ ಕೋರಲು ಒಂದು ಗುಂಡಿ ಇತ್ತು. ಅವರು ಹೇಳಿದರು, ನಾನು ಬರೆದೆ: ನಾನು ಆನೆ ಎಲ್ಲಿದೆ ಎಂದು ತಿಳಿಸುವವನು, ಬೇರೆ ಏನನ್ನೂ ಕಳಿಸಿಲ್ಲ, ದಯವಿಟ್ಟು ಬೇಗ ಸರಿಮಾಡಿ, ಇಲ್ಲಿ ಜನ ದಾರಿಯಲ್ಲಿದ್ದಾರೆ. ಕಳಿಸಿ ಫೋನು ಕೆಳಗಿಡುವಷ್ಟರಲ್ಲಿ ಉತ್ತರ ಬಂತು. ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ.

ಇಷ್ಟು ಬೇಗ ಓದಿದವರು ಯಾರು ಎಂದು ಕೇಳಿದರು. ಯಾರೂ ಓದಿರುವುದಿಲ್ಲ, ಅದು ಯಂತ್ರ ಎಂದೆ. ಆಫೀಸು ಎಲ್ಲಿದೆ ಹೇಳು, ಬಸ್ಸು ಹತ್ತಿ ಹೋಗಿ ಬರುತ್ತೇನೆ ಎಂದರು. ಅವರನ್ನು ಕರೆದುಕೊಂಡು ಪೇಟೆಗೆ ಬಸ್ಸು ಹತ್ತಿದೆ. ಆಲೂರಿನ ಮೊಬೈಲ್ ಅಂಗಡಿಯವರು ಫೋನನ್ನು ತಿರುಗಿಸಿ ನೋಡಿ, ಒಂದೇ ಮಾತನ್ನು ದಿನಾ ಅಷ್ಟು ಜನಕ್ಕೆ ಬಿಡಿಬಿಡಿಯಾಗಿ ಕಳಿಸಿದ್ದೀರಲ್ಲ, ಮೋಸ ಮಾಡುವವರು ಹೀಗೇ ಮಾಡುವುದು, ಅದಕ್ಕೇ ಯಂತ್ರ ನಿಮ್ಮನ್ನೂ ಅದೇ ಸಾಲಿಗೆ ಸೇರಿಸಿರಬೇಕು ಎಂದರು. ಊರು ಬಂದ ಮೇಲೆ ಬಸ್ಸು ಇಳಿಯುತ್ತ ರೈಟರು, "ನಾನು ಲೈನಿಗೆ ಹೋಗಿ ನೋಡ್ದೆ ಯಾರ್ಗೂ ಗೈರು ಹಾಕ್ನಿಲ್ಲ. ಇವ್ರು ಬಾಗ್ಲು ಕೂಡ ತಟ್ನಿಲ್ವಲ್ಲವ್ವ" ಎಂದರು.

ಕೆಲವು ದಿನ ಬರೀ ಕರೆ ಮಾಡಿ ನೋಡಿದರು. ನಮ್ಮ ಗುಡ್ಡಗಳಲ್ಲಿ ಟವರು ಒಂದು ಕಡೆ ಸಿಕ್ಕರೆ ಇನ್ನೊಂದು ಕಡೆ ಇಲ್ಲ. ಮೆಸೇಜಾದರೆ ಟವರು ಸಿಕ್ಕ ಗಳಿಗೆಯಲ್ಲಿ ಹೋಗಿ ಕೂರುತ್ತದೆ, ಕರೆ ಹಾಗಲ್ಲ. ಅವರು ಅರ್ಧ ಜನಕ್ಕೆ ಹೇಳಿ ಮುಗಿಸುವಷ್ಟರಲ್ಲಿ ಇನ್ನರ್ಧ ಜನ ದಾರಿಗೆ ಬಿದ್ದಿರುತ್ತಿದ್ದರು. ಕೊನೆಗೆ ಹೊಸ ಸಿಮ್ ತೆಗೆದುಕೊಂಡು ಅದರಲ್ಲಿ ಆ್ಯಪು ಹಾಕಿಸಿದರು. ಹೊಸ ನಂಬರು ರೈಟರದೇ ಎಂದು ನಾನು ಡೇರಿಯ ಗೋಡೆಗೆ ಬರೆದು ಅಂಟಿಸಿದೆ, ಹಾಲು ತಂದವರಿಗೆಲ್ಲ ಬಾಯಲ್ಲೂ ಹೇಳಿದೆ.

ಡೇರಿಗೆ ಬರದವರೂ ಇದ್ದರು. ಊರಾಚೆ ಎಸ್ಟೇಟಿನ ಲೈನಿನಲ್ಲಿದ್ದ ಒಬ್ಬ ಹೆಂಗಸು ದಿನಾ ಹಾಲು ತರುತ್ತಿದ್ದವಳು, ಹಸು ಬತ್ತಿದ್ದರಿಂದ ಆ ದಿನಗಳಲ್ಲಿ ನಮ್ಮ ಕಡೆ ಬಂದಿರಲಿಲ್ಲ. ರೈಟರು ಎಸ್ಟೇಟಿನಲ್ಲಿದ್ದ ಕಾಲದಲ್ಲೆಲ್ಲ ಅವಳ ಹೆಸರನ್ನು ಹಾಜರಿಯಲ್ಲಿ ಕೂಗಿದ್ದರು. ಅವಳಿಗೆ ಓದು ಬರದು. ಫೋನಿನಲ್ಲಿ ಫೋಟೊ ನೋಡಿಯೇ ಯಾರದೆಂದು ತಿಳಿಯುತ್ತಿದ್ದಳು. ಹೊಸ ನಂಬರಿಗೆ ರೈಟರು ಇನ್ನೂ ಫೋಟೊ ಹಾಕಿರಲಿಲ್ಲ.

ಹೊಸ ನಂಬರಿನಿಂದ ಮೊದಲ ಮೆಸೇಜು ಹೋದ ಬೆಳಿಗ್ಗೆ ಒಂಟಿ ಆನೆ ಎಸ್ಟೇಟಿನ ಪಂಪ್‌ಹೌಸಿನ ಹತ್ತಿರ ಇತ್ತು. ಅದನ್ನೇ ರೈಟರು ಹೇಳಿದ್ದರು. ಒಬ್ಬೊಬ್ಬರಿಂದಲೇ 'ಬಂತು' ಬಂತು, ಅವಳಿಂದ ಬರಲಿಲ್ಲ. ಕರೆ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಅವರು ಮೊಪೆಡ್ ಹತ್ತಿ ಹೊರಟರು. ಡೇರಿಯ ಮುಂದೆ ಹಾದುಹೋದದ್ದನ್ನು ನಾನು ನೋಡಿದೆ, ತಲೆಗೆ ಮಫ್ಲರು ಕೂಡ ಸುತ್ತಿರಲಿಲ್ಲ. ಲೈನಿನ ಬಾಗಿಲು ತಟ್ಟಿದಾಗ, ಅವಳು ಬುತ್ತಿ ಕಟ್ಟಿಕೊಂಡು ಆಗಲೇ ಕೆಲಸಕ್ಕೆ ಹೊರಟಳು ಎಂದು ಮಗಳು ಹೇಳಿದಳಂತೆ. ಹೋದದ್ದು ಪಂಪ್‌ಹೌಸಿನ ದಾರಿಯಲ್ಲಿ.

ರೈಟರು ಅಲ್ಲಿಗೆ ಮುಟ್ಟುವ ವೇಳೆಗೆ ಎಲ್ಲ ಮುಗಿದಿತ್ತು. ಆನೆ ತೋಟದೊಳಗೆ ಇಳಿದುಹೋಗಿತ್ತು. ಅವಳ ಪಕ್ಕದಲ್ಲಿ ಮೊದಲು ಕೂತವರು ಇವರೇ.

ಅವಳ ಫೋನು ಎಲೆಅಡಿಕೆ ಚೀಲದಲ್ಲಿ ಸಿಕ್ಕಿತು. ಮಣ್ಣಾದ ಮರುದಿನ ಮಗಳು ಅದನ್ನು ಡೇರಿಗೆ ತಂದಳು. ರೈಟರೂ ಅಲ್ಲೇ ಇದ್ದರು. ನಾನು ಬೇಡ ಎಂದರೂ ಕೇಳದೆ ಈಸಿಕೊಂಡು ನೋಡಿದರು. ಅವರ ಮೆಸೇಜು ಅವಳು ಮನೆಯಲ್ಲಿದ್ದಾಗಲೇ ಬಂದಿತ್ತು. ಅಮ್ಮ ಅದನ್ನು ನೋಡಿ, ಯಾರದೋ ಕಾಣೆ, ಮುಖ ಇಲ್ಲ, ಮುಟ್ಟಬ್ಯಾಡ ಅಂತ ರೈಟ್ರು ಹೇಳವ್ರೆ ಎಂದು ಹೇಳಿ ಚೀಲಕ್ಕೆ ಹಾಕಿಕೊಂಡಳು ಎಂದು ಮಗಳು ತಿಳಿಸಿದಳು. ಆ ಮಗಳಿಗೆ ಇದರ ಅರ್ಥ ಗೊತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು ಅಷ್ಟೆ.

ರೈಟರು ಕಟ್ಟೆಯ ಮೇಲೆ ಕೂತರು. ಬೆರಳು ಕಿವಿಯ ಹಿಂದಕ್ಕೆ ಹೋಗಿ ಅಲ್ಲೇ ಉಳಿಯಿತು. "ಅವ್ಳು ನನ್ ಮಾತ್ನೇ ಕೇಳವ್ಳೆ ಕಣವ್ವ. ಮುಟ್ಬ್ಯಾಡ ಅಂದಿದ್ದೆ. ಮುಟ್ಟಿಲ್ಲ."

ನಿಮ್ಮ ತಪ್ಪಲ್ಲ ಎಂದು ಊರೆಲ್ಲ ಹೇಳಿತು. ನಾನೂ ಹೇಳಿದೆ. ನನಗೆ ಆ ಕಂಪನಿಯ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಊರಿನ ದಾರಿ, ಬಾವಿ, ಬಸ್‌ಸ್ಟ್ಯಾಂಡು ಎಲ್ಲವೂ ಅವರದೇ ಆದ ಹಾಗೆ ನಾವು ಅವರ ಮೇಲೆ ಬಿದ್ದುಕೊಂಡಿದ್ದೇವೆ, ಬಾಗಿಲು ಹಾಕಿಕೊಂಡರೆ ಕೇಳುವುದಕ್ಕೆ ಒಂದು ಕಿಟಕಿಯೂ ಇಲ್ಲ. ಆದರೆ ಇದೆಲ್ಲ ನನ್ನ ಸಿಟ್ಟು. ರೈಟರು ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

ಅವಳ ತಿಥಿ ಕಳೆದ ಮೇಲೆ ಒಂದು ಸಂಜೆ ಫೋನು ಹಿಡಿದುಕೊಂಡು ಡೇರಿಗೆ ಬಂದರು. ಹಳೆಯ ಖಾತೆ ಮತ್ತೆ ತೆರೆದಿತ್ತು. ಕನ್ನಡಕ ತಂದಿಲ್ಲ, ಓದವ್ವ ಎಂದರು. ನಿಮ್ಮ ಖಾತೆಯನ್ನು ತಪ್ಪಾಗಿ ನಿಲ್ಲಿಸಲಾಗಿತ್ತು, ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ಎಂದು ಓದಿದೆ.

"ಅನನುಕೂಲ ಅಂತನಾ ಬರ್ದವ್ರೆ?"

ಹೂಂ ಎಂದೆ.

"ಮಣ್ ಮಾಡಿ ಬಂದೀವಿ ಕಣವ್ವ" ಎಂದರು. ಫೋನು ಈಸಿಕೊಂಡು ಹೋದರು. ಆಮೇಲೆ ಆ ಆ್ಯಪಿನಲ್ಲಿ ಅವರ ದನಿ ಯಾರಿಗೂ ಬರಲಿಲ್ಲ.

ಹಾಜರಿ ಮಾತ್ರ ನಿಲ್ಲಿಸಲಿಲ್ಲ. ಜನರನ್ನು ಮನೆಮನೆಯಾಗಿ ಹಂಚಿದರು. ಈ ಕೇರಿಗೆ ಇವರು, ಆ ಲೈನಿಗೆ ಅವರು, ಡೇರಿಯ ದಾರಿಗೆ ನಾನು. ಒಬ್ಬೊಬ್ಬರೂ ನಾಲ್ಕಾರು ಜನಕ್ಕೆ ಬರೀ ಕರೆ ಮಾಡುವುದು, ಬಂತು ಅನ್ನಿಸಿಕೊಳ್ಳುವುದು, ಅನ್ನದಿದ್ದವರ ಮನೆಗೆ ಹೋಗಿ ನೋಡುವುದು. ಯಾವ ಕಂಪನಿಯೂ ನಿಲ್ಲಿಸಲಾಗದ ಹಾಗೆ ಇರಬೇಕು ಎಂಬುದೊಂದೇ ಅವರ ಮಾತು. ಅಷ್ಟರಲ್ಲಿ ಅವರಿಗಿದ್ದ ಉಬ್ಬಸ ಜೋರಾಗಿತ್ತು, ಮೊಪೆಡ್ ಮೂಲೆ ಸೇರಿತ್ತು. ಸುದ್ದಿ ಕೂಡಿಸುವ ಕೆಲಸವನ್ನೂ ನಾನೇ ತೆಗೆದುಕೊಂಡೆ. ನನ್ನ ಕರೆಗಳಲ್ಲಿ ಕೊನೆಯದು ಅವರಿಗೆ. ಮನೆ ಬಿಟ್ಟು ಎಲ್ಲೂ ಹೋಗದವರಿಗೆ ಆನೆ ಎಲ್ಲಿದ್ದರೇನು, ಆದರೂ ನಾನು ಹೇಳುತ್ತಿದ್ದೆ, ಅವರು ಏದುಸಿರಿನ ನಡುವೆ "ಬಂತು ಕಣವ್ವ" ಎನ್ನುತ್ತಿದ್ದರು.

ಹೋದ ವರ್ಷ ಒಂದು ಬೆಳಿಗ್ಗೆ, ಆನೆ ಸೇತುವೆ ದಾಟಿ ಊರ ಕಡೆ ಬಂದಿವೆ ಎಂದು ಹೇಳಲು ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಹಾಲು ತಂದವರು ಸಾಲಿನಲ್ಲಿ ನಿಂತಿದ್ದರು. ಕ್ಯಾನುಗಳನ್ನು ಹಾಗೇ ಬಿಟ್ಟು, ಹೋಗಿ ನೋಡಲು ಹೊರಟೆ. ಸಾಲಿನವರು ಸರಿದು ದಾರಿ ಬಿಟ್ಟರು.

ಅವರ ಹೆಂಡತಿ ಹಿಂದೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು, ಏನೂ ಗೊತ್ತಿರಲಿಲ್ಲ. ರೈಟರು ಮಂಚದ ಮೇಲೆ ಗೋಡೆಗೆ ಒರಗಿ ಕೂತ ಹಾಗೇ ಇದ್ದರು. ಮೈ ತಣ್ಣಗಾಗಿತ್ತು. ಫೋನು ತೊಡೆಯ ಮೇಲಿತ್ತು. ನಾನು ಕೊಟ್ಟಿಗೆಗೆ ಹೋಗಿ ಆ ತಾಯಿಯನ್ನು ಹಿಡಿದುಕೊಂಡೆ.

ಆಮೇಲೆ ಅಂಗಳಕ್ಕೆ ಬಂದು ನನ್ನ ಪಾಲಿನವರಿಗೆಲ್ಲ ಮತ್ತೆ ಫೋನ್ ಮಾಡಿದೆ. ರೈಟರು ಹೋದರು ಎಂದೆ. ನೋಡಲು ಬರುವವರು ಸೇತುವೆ ದಾರಿಯಲ್ಲಿ ಬರಬೇಡಿ, ಆನೆ ಅಲ್ಲೇ ಇವೆ ಎಂದೆ. ಒಬ್ಬೊಬ್ಬರೂ ಬಂತು ಎಂದರು.